ಕೆಂಪು ಚುಕ್ಕೆ ಯಾವ ಕಡೆ

ಆಪಾ ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಬುರ್ಖಾ ಹಾಕಿಕೊಂಡರೆ ಬಲಗಡೆಯ ತೋಳು ಇಳಿದು ಬೆರಳ ತುದಿಗೆ ಬರುತ್ತಿತ್ತು. ಅದನ್ನು ಮಡಿಸಿ ಮೇಲೇರಿಸುತ್ತಲೇ ಅವರು ಮಾತಾಡುತ್ತಿದ್ದರು. ಇಪ್ಪತ್ತೈದು ವರ್ಷ ಒಂದೇ ಕೈಯಲ್ಲಿ ಸ್ಕ್ವೀಜಿ ಎಳೆದರೆ ಭುಜ ಹಾಗಾಗುತ್ತದೆ. ಸ್ಕ್ವೀಜಿ ಅಂದರೆ ಮರದ ಹಿಡಿಗೆ ರಬ್ಬರ್ ಪಟ್ಟಿ ಕೂರಿಸಿದ್ದು, ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪರದೆಯ ಮೇಲೆ ಬಣ್ಣ ಎಳೆಯುವ ಸಲಕರಣೆ. ಬಟ್ಟೆ ಹೊಲಿಯಲು ಕೊಟ್ಟಾಗೆಲ್ಲ ಅವರು ದರ್ಜಿಗೆ ಒಂದೇ ಮಾತು ಹೇಳುತ್ತಿದ್ದರು: "ಬಲ್ಗಡೆ ತೋಳು ಎರಡ್ ಬೆಟ್ಟು ಕಮ್ಮಿ ಇಡಪ್ಪ, ಈ ಕಡೆ ನಾನು ಸವ್ದೋಗಿವ್ನಿ."

ಆಪಾ ಅಂದರೆ ಅಕ್ಕ. ಮದ್ದೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರನ್ನು ಬೇರೆ ಹೆಸರಿಂದ ಕರೆದವರನ್ನು ನಾನು ನೋಡಿಲ್ಲ. ಪಕ್ಕದ ಗಿರಣಿಯ ಗೌಡರಿಗೂ ಆಪಾ, ಎದುರಿನ ಸೈಕಲ್ ಶಾಪಿನವನಿಗೂ ಆಪಾ. ಅವರ ಗಂಡ ಲಾರಿಗಳಿಗೆ ಹೆಸರು ಬರೆಯುವ ಪೇಂಟರ್. ಅವರು ತೀರಿಕೊಂಡ ಮೇಲೆ ಆಪಾ ಈ ಕೆಲಸ ಹಿಡಿದರು, "ಅವ್ರ ಬ್ರಸ್ಸು ನನ್ ಕೈಗೆ ಕೂರ್ನಿಲ್ಲ, ಅದ್ಕೆ ಪರದೆ ಇಡ್ಕಂಡೆ" ಎನ್ನುತ್ತಿದ್ದರು. ಒಂದು ಕೋಣೆ, ಒಂದು ಮೇಜು, ಮೇಲೆ ಬಟ್ಟೆ ಒಣಗಿಸುವ ತಾರಸಿ. ಅಷ್ಟರಲ್ಲೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ದಡ ಸೇರಿಸಿದರು.

ನಾನು ಮಳವಳ್ಳಿ ಕಡೆಯವಳು, ಮದ್ದೂರಿಗೆ ಸೊಸೆಯಾಗಿ ಬಂದೆ. ಗೆಜ್ಜಲಗೆರೆಯಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಸೂಪರ್‌ವೈಸರನ ಜೊತೆ ಜಗಳ ಕಾದು ಬಿಟ್ಟೆ. ತಮ್ಮನ ಮದುವೆಗೆ ತಾಂಬೂಲದ ಚೀಲ ಅಚ್ಚು ಹಾಕಿಸಲು ಹೋದವಳ ಕೈಗೆ ಆಪಾ ಒಂದು ಬನಿಯನ್ ಚಿಂದಿ ಕೊಟ್ಟರು. "ಸುಮ್ಕೆ ನಿಂತಿದ್ದೀಯಲ್ಲಮ್ಮಿ, ಇದ್ನ ಒರ್ಸು" ಎಂದರು. ಒರೆಸಿದೆ. ಮಾರನೆಯ ದಿನವೂ ಹೋದೆ. ಹಾಗೆ ಹೋದವಳು ಇವತ್ತಿಗೂ ಅದೇ ಮೇಜಿನ ಮುಂದೆ ನಿಂತಿದ್ದೇನೆ.

ನನ್ನ ಬಾಯಿ ಜೋರು. ಅದು ಗಲ್ಲಿಗೆಲ್ಲ ಗೊತ್ತು. ಬಸ್ಸಿನಲ್ಲಿ ಚಿಲ್ಲರೆಗೆ, ನಲ್ಲಿಯಲ್ಲಿ ಸಾಲಿಗೆ, ಯಾವುದಕ್ಕೂ ನಾನು ಸುಮ್ಮನೆ ಇದ್ದವಳಲ್ಲ. ಆದರೆ ಬಾಯಿ ಬಿಡಲೇಬೇಕಾದ ಒಂದು ದಿನ ನಾನು ಬಾಯಿ ಬಿಡಲಿಲ್ಲ. ಆಪಾ ನನ್ನ ತಪ್ಪನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡರು, ನಾನು ಪಕ್ಕದಲ್ಲಿ ಚಿಂದಿ ಹಿಡಿದು ನಿಂತಿದ್ದೆ. ಅದನ್ನು ಹೇಳಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೆಲಸ ಹೇಗೆ ನಡೆಯುತ್ತದೆಂದು ಹೇಳಬೇಕು. ಇಲ್ಲದಿದ್ದರೆ ನಾನು ಮಾಡಿದ್ದು ಎಂಥದ್ದೆಂದು ತಿಳಿಯುವುದಿಲ್ಲ. ಮರದ ಚೌಕಟ್ಟಿಗೆ ಸಣ್ಣ ಕಣ್ಣಿನ ನೈಲಾನ್ ಬಟ್ಟೆಯನ್ನು ತಮಟೆಯ ಹಾಗೆ ಬಿಗಿಯಬೇಕು. ಬೆರಳಿನಿಂದ ಬಡಿದರೆ ಸದ್ದು ಬರಬೇಕು. ಮಂದ ಹಳದಿ ಬಲ್ಬಿನ ಕೋಣೆಯಲ್ಲಿ ಅದಕ್ಕೆ ಅಂಟಿನಂಥ ಒಂದು ರಸ ಬಳಿದು ಫ್ಯಾನಿನ ಗಾಳಿಗೆ ಒಣಗಿಸಬೇಕು. ಅಚ್ಚಾಗಬೇಕಾದ ಅಕ್ಷರ, ಚಿತ್ರವನ್ನು ಪಾರದರ್ಶಕ ಹಾಳೆಯಲ್ಲಿ ಕಡುಕಪ್ಪಾಗಿ ತೆಗೆಸಿ, ಆ ಬಟ್ಟೆಗೆ ಒತ್ತಿಟ್ಟು, ಮೇಲೆ ಗಾಜು ಹೇರಿ, ಬಿಸಿಲಿಗೆ ಹಿಡಿಯಬೇಕು. ಬೆಳಕು ತಾಗಿದ ಕಡೆಯೆಲ್ಲ ರಸ ಗಟ್ಟಿಯಾಗುತ್ತದೆ. ಕಪ್ಪು ಅಕ್ಷರದ ಕೆಳಗೆ ಬೆಳಕು ಹೋಗುವುದಿಲ್ಲವಲ್ಲ, ಅಲ್ಲಿ ಹಸಿಯಾಗೇ ಉಳಿಯುತ್ತದೆ. ನೀರು ಬಿಟ್ಟರೆ ಆ ಹಸಿ ಭಾಗ ಕರಗಿ, ಬಟ್ಟೆಯ ಕಣ್ಣು ಅಕ್ಷರದ ಆಕಾರದಲ್ಲಿ ತೆರೆದುಕೊಳ್ಳುತ್ತದೆ. ಪರದೆಯ ಕೆಳಗೆ ಕಾಗದವನ್ನೋ ಬಟ್ಟೆಯನ್ನೋ ಇಟ್ಟು ಮೇಲೆ ಬಣ್ಣ ಎಳೆದರೆ ತೆರೆದ ಕಣ್ಣಿಂದ ಮಾತ್ರ ಬಣ್ಣ ಇಳಿಯುತ್ತದೆ. "ಬಿಸ್ಲು ಬಿದ್ ಜಾಗ ಗಟ್ಟಿ ಆಯ್ತದೆ, ನೆಳ್ಳಲ್ಲಿದ್ದುದ್ದು ನೀರಲ್ಲಿ ಓಯ್ತದೆ. ಇಷ್ಟೇ ಕಣಮ್ಮಿ ಇದ್ಯೆ" ಎಂದು ಆಪಾ ಮೊದಲ ವಾರವೇ ಹೇಳಿದ್ದರು. ಮೋಡ ಅಡ್ಡ ಬಂದರೆ ಗಾಜು ಹಿಡಿದುಕೊಂಡು ಆಕಾಶಕ್ಕೆ ಬಯ್ಯುತ್ತಿದ್ದರು.

ಮದುವೆ ಕಾಗದ, ಕಬಡ್ಡಿ ತಂಡದ ಬನಿಯನ್, ಶಾಲೆ ಮಕ್ಕಳ ಬ್ಯಾಡ್ಜು, ಬೆಲ್ಲದ ಡಬ್ಬ, ಹೋಟೆಲಿನ ಗಾಜಿನ ಲೋಟ, ಎಲ್ಲವೂ ಆ ಮೇಜಿನ ಮೇಲೆ ಹಾದುಹೋಗಿವೆ. ಫ್ಲೆಕ್ಸ್ ಬಂದ ಮೇಲೆ ಬ್ಯಾನರಿನ ಕೆಲಸ ಹೋಯಿತು. ಆದರೆ ಚೀಲಕ್ಕೆ, ಗಾಜಿಗೆ, ತಗಡಿಗೆ ಇನ್ನೂ ಪರದೆಯೇ ಬೇಕು. ಒಂದೊಂದಕ್ಕೆ ಒಂದೊಂದು ಬಗೆಯ ಬಣ್ಣ. ಬಟ್ಟೆಯ ಬಣ್ಣವನ್ನು ತಗಡಿಗೆ ಹಾಕಿದರೆ ಉಗುರು ತಾಗಿದರೂ ಕಿತ್ತುಬರುತ್ತದೆ.

ಎರಡು ಮೂರು ಬಣ್ಣ ಇದ್ದರೆ ಬಣ್ಣಕ್ಕೊಂದು ಪರದೆ. ಮೊದಲನೆಯದು ಒಣಗಿದ ಮೇಲೆ ಎರಡನೆಯದು. ಪ್ರತಿ ಸಲವೂ ವಸ್ತು ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಕೂರಬೇಕು. ಅದಕ್ಕೆ ಆಪಾ ಅಚ್ಚು ಶುರು ಮಾಡುವ ಮುಂಚೆಯೇ ಪ್ರತಿಯೊಂದರ ಹಿಂಬದಿಯಲ್ಲಿ, ಮೇಲ್ತುದಿಗೆ, ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಡುತ್ತಿದ್ದರು. ಅದು "ತಲೆ". ಸಾವಿರ ಕಾಗದವಾದರೂ ಸಾವಿರ ಚುಕ್ಕೆ. ಎರಡನೇ ಬಣ್ಣಕ್ಕೆ ಕೈ ಹಾಕುವ ಮುಂಚೆ ತಿರುಗಿಸಿ ನೋಡಲೇಬೇಕು. ನೋಡಿದ್ದರೂ ಅವರು ಕೇಳುತ್ತಿದ್ದರು: "ತಲೆ ನೋಡ್ದ್ಯಾ?" ಊಟದ ಡಬ್ಬಿ ಬಿಚ್ಚುವಾಗ ಕೇಳುತ್ತಿದ್ದರು, ನಮಾಜಿಗೆ ಹೊರಡುವಾಗ ಬಾಗಿಲಿನಿಂದ ಕೇಳುತ್ತಿದ್ದರು. ನನಗೆ ರೇಗಿಹೋಗುತ್ತಿತ್ತು. ನಾನೇನು ಎಳೆ ಮಗುವೇ ಅನ್ನಿಸುತ್ತಿತ್ತು.

ನಾನು ಸೇರಿ ಮೂರನೇ ವರ್ಷ ಇರಬೇಕು. ಗೆಜ್ಜಲಗೆರೆಯಲ್ಲಿ ಒಬ್ಬರು ಪಂಪ್‌ಸೆಟ್ಟಿನ ಪ್ಯಾನೆಲ್ ಬೋರ್ಡ್ ಜೋಡಿಸುವ ಶೆಡ್ಡು ಇಟ್ಟಿದ್ದರು. ಅವರಿಂದ ಅರವತ್ತು ತಗಡಿನ ಕೆಲಸ ಬಂತು. ಬೋರ್ಡಿನ ಮುಖಕ್ಕೆ ಕೂರಿಸುವ ತಗಡು ಅದು. ನಡುವೆ ತಿರುಗಿಸುವ ಹಿಡಿಗೆ ಒಂದು ತೂತು. ತೂತಿನ ಎಡಕ್ಕೆ ಕೆಂಪು ಚುಕ್ಕೆ, ಕೆಳಗೆ ಕಪ್ಪಿನಲ್ಲಿ "ಬಂದ್". ಬಲಕ್ಕೆ ಹಸಿರು ಚುಕ್ಕೆ, ಕೆಳಗೆ "ಚಾಲು". ಹಿಡಿಯನ್ನು ಎಡಕ್ಕೆ ತಿರುಗಿಸಿದರೆ ಮೋಟಾರ್ ಬಂದ್, ಬಲಕ್ಕೆ ತಿರುಗಿಸಿದರೆ ಚಾಲು. ಓದಲು ಬಾರದವರು ಬಣ್ಣ ನೋಡಿ ತಿರುಗಿಸಲಿ ಎಂದೇ ಆ ಚುಕ್ಕೆಗಳು.

ಆ ವಾರ ಆಪಾ ತಂಗಿಯ ಮಗಳ ಮದುವೆಗೆ ಮಳವಳ್ಳಿಗೆ ಹೋಗಿದ್ದರು. ಹೊರಡುವ ಮುಂಚೆ ಕಪ್ಪು ಬಣ್ಣ ಅವರೇ ಎಳೆದಿದ್ದರು. ತಗಡುಗಳನ್ನು ಎರಡು ಹಲಗೆಯ ಮೇಲೆ ಹರವಿ ತಾರಸಿಯಲ್ಲಿ ಒಣಗಲು ಇಟ್ಟಿದ್ದೆವು. ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ ಹನಿಯಿತು. ನಾನು ಓಡಿಹೋಗಿ ಮೊದಲ ಹಲಗೆಯನ್ನು ಮುಂದಕ್ಕೆ ಹಿಡಿದು ಇಳಿಸಿದೆ. ಎರಡನೆಯದನ್ನು ಇಳಿಸುವಾಗ ಮೆಟ್ಟಿಲು ನೆನೆದು ಜಾರುತ್ತಿತ್ತು, ಹಿಂದುಮುಂದಾಗಿ ಇಳಿದೆ. ಹಲಗೆಯೂ ನನ್ನ ಜೊತೆ ತಿರುಗಿತು. ತಂದು ಮೊದಲನೆಯದರ ಪಕ್ಕಕ್ಕೆ ಜೋಡಿಸಿದೆ.

ತಗಡನ್ನು ಅಡ್ಡ ಮಲಗಿಸಿ ಎಳೆಯುವುದು ನಮ್ಮ ಕ್ರಮ. ನಿಂತವರ ಕಣ್ಣಿಗೆ ಅಕ್ಷರಗಳು ಪಕ್ಕಕ್ಕೆ ಬಿದ್ದಿರುತ್ತವೆ. ತಲೆ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಕಣ್ಣಿಟ್ಟು ನೋಡದಿದ್ದರೆ ತಿಳಿಯುವುದಿಲ್ಲ. ಚುಕ್ಕೆಗಳು ತಗಡಿನ ನಟ್ಟನಡು ಎತ್ತರದಲ್ಲಿದ್ದವು. ತಗಡು ತಲೆಕೆಳಗಾಗಿ ಕೂತರೂ ಚುಕ್ಕೆ ಅಚ್ಚುಕಟ್ಟಾಗಿ ಬೀಳುತ್ತಿತ್ತು, ಆದರೆ ಕೆಂಪು ಬೀಳಬೇಕಾದ ಕಡೆ ಹಸಿರು, ಹಸಿರು ಬೀಳಬೇಕಾದ ಕಡೆ ಕೆಂಪು. ಎರಡನೇ ಹಲಗೆಯಲ್ಲಿದ್ದ ಇಪ್ಪತ್ತನಾಲ್ಕಕ್ಕೂ ಹಾಗೇ ಬಿತ್ತು. ಹಿಂಬದಿಯಲ್ಲಿ ಪೆನ್ಸಿಲ್ ಚುಕ್ಕೆ ಇತ್ತು. ನಾನು ಒಂದನ್ನೂ ತಿರುಗಿಸಿ ನೋಡಲಿಲ್ಲ. ಅವತ್ತು ಬೆಳಿಗ್ಗೆ ಅತ್ತೆಯ ಜೊತೆ ಜಗಳವಾಗಿತ್ತು. ಎಳೆಯುತ್ತಲೇ ಮನಸ್ಸಿನಲ್ಲಿ ಅವರಿಗೆ ಉತ್ತರ ಕೊಡುತ್ತಿದ್ದೆ.

ತಗಡು ಒಯ್ಯಲು ಶೆಡ್ಡಿನವರ ಆಳು ಬಂದು ನಿಂತಿದ್ದಾಗ ಆಪಾ ಫೋನ್ ಮಾಡಿದರು. ಹಿಂದೆ ಮದುವೆ ಮನೆಯ ಗದ್ದಲ.

"ಮೂರ್ ಬಣ್ಣನೂ ಆಯ್ತಾ?"

"ಆಯ್ತು ಆಪಾ."

"ತಲೆ ನೋಡ್ದ್ಯಾ?"

"ನೋಡ್ದೆ" ಎಂದೆ. ಹೇಳುವಾಗ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ಅವರು ಜ್ವರ ಬಂದು ಅಲ್ಲೇ ಉಳಿದು, ಐದನೇ ದಿನ ಬಂದರು. ಪ್ರತಿ ಕೆಲಸದ್ದೂ ಒಂದು ಮಾದರಿಯನ್ನು ಗೋಡೆಯ ಮೊಳೆಗೆ ನೇತುಹಾಕುವುದು ಅವರ ಪದ್ಧತಿ. ನಾನು ಕೈಗೆ ಸಿಕ್ಕಿದ್ದನ್ನು ನೇತುಹಾಕಿದ್ದೆ. ಆಪಾ ಚಪ್ಪಲಿ ಬಿಟ್ಟು, ಬುರ್ಖಾ ತೆಗೆದು ಮಡಿಸುತ್ತಾ ಗೋಡೆಯ ಕಡೆ ನೋಡಿದರು. ಮಡಿಸುತ್ತಿದ್ದ ಕೈ ನಿಂತಿತು.

"ಅಮ್ಮಿ, ಬಾ ಇಲ್ಲಿ. ಕೆಂಪು ಎತ್ತಾಗದೆ?"

ನೋಡಿದೆ. ಕೆಂಪಿನ ಕೆಳಗೆ "ಚಾಲು" ಎಂದಿತ್ತು.

"ನೋಡ್ದೆ ಅಂದ್ಯಲ್ಲ" ಎಂದರು. ಎರಡನೇ ಸಲ ಕೇಳಲಿಲ್ಲ. ಮಡಿಸಿದ್ದ ಬುರ್ಖಾವನ್ನು ಮತ್ತೆ ಬಿಡಿಸಿ ಹಾಕಿಕೊಂಡರು. ಹಳೇ ಎಕ್ಸ್‌ರೇ ಹಾಳೆಯ ಒಂದು ತುಂಡಿನಲ್ಲಿ ಚುಕ್ಕೆಯ ಅಳತೆಗೆ ಎರಡು ತೂತು ಕತ್ತರಿಸಿದರು. ಬಣ್ಣ ಕರಗಿಸುವ ಥಿನ್ನರ್ ಬಾಟಲಿ, ಚಿಂದಿ, ಕೆಂಪು ಹಸಿರು ಬಣ್ಣದ ಎರಡು ಚಿಕ್ಕ ಡಬ್ಬಿ, ಸ್ಕ್ರೂಡ್ರೈವರ್, ಎಲ್ಲವನ್ನೂ ಚೀಲಕ್ಕೆ ತುಂಬಿದರು. "ನಡಿ" ಎಂದರು.

ನಮ್ಮ ಕಡೆ ಮೂರು ಫೇಸ್ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳುವವರಿಲ್ಲ. ಅದಕ್ಕೆ ಎಷ್ಟೋ ಜನ ಹಿಡಿಯನ್ನು ಚಾಲುವಿಗೇ ತಿರುಗಿಸಿಟ್ಟು ಮನೆಗೆ ಹೋಗುತ್ತಾರೆ. ಕರೆಂಟು ಬಂದಾಗ ಮೋಟಾರು ತಾನಾಗೇ ಓಡುತ್ತದೆ. ಕರೆಂಟು ಇಲ್ಲದಾಗ ಒಬ್ಬ ಮೋಟಾರಿಗೆ ಕೈ ಹಾಕಬೇಕು ಎಂದಿಟ್ಟುಕೊಳ್ಳಿ. ಕೆಂಪಿಗೆ ತಿರುಗಿಸಿ, ಬಂದ್ ಆಯಿತು ಎಂದು ನಂಬಿ ಕೈ ಹಾಕುತ್ತಾನೆ. ನಾನು ಎಳೆದ ತಗಡಿನಲ್ಲಿ ಆ ಕೆಂಪೇ ಚಾಲು. ಕೈ ಒಳಗಿರುವಾಗ ಕರೆಂಟು ಬಂದರೆ ಮುಗಿಯಿತು. ಗೆಜ್ಜಲಗೆರೆಗೆ ಹೋಗುವ ಬಸ್ಸಿನಲ್ಲಿ ಆಪಾ ಇದನ್ನು ನನಗೆ ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ, ನಮ್ಮಪ್ಪನೂ ಪಂಪ್‌ಸೆಟ್ ಇಟ್ಟವನೇ.

ಶೆಡ್ಡಿನ ಯಜಮಾನರು ನಲವತ್ತರ ಆಸುಪಾಸಿನವರು. ತಗಡನ್ನು ತಿರುಗಿಸಿ ನೋಡಿ ನಕ್ಕರು.

"ಅಕ್ಸರ ಸರ್ಯಾಗೇ ಅದಲ್ಲ ಆಪಾ. ಎರಡ್ ಸಲ ತಿರುಗ್ಸುದ್ರೆ ಅವ್ರಿಗೇ ಗೊತ್ತಾಯ್ತದೆ ಬುಡಿ."

"ಎರಡ್ನೇ ಸಲುದ್ದು ನಂಗೆ ಭಯ ಇಲ್ಲ ಕಣಪ್ಪ, ಮೊದುಲ್ನೇ ಸಲುದ್ದು. ಒಂದ್ ಮನೇಲಿ ಮೋಟ್ರು ತಿರುಗ್ಸೋನು ಒಬ್ನೇ ಇರ್ತಾನಾ? ಒಬ್ಬುನ್ಗೆ ಅಭ್ಯಾಸ ಆದ್ರೆ ಇನ್ನೊಬ್ಬುನ್ಗೆ?"

ಅವರ ನಗು ನಿಂತಿತು. ಆಮೇಲೆ ಸಿಟ್ಟು ಬಂತು. "ಯಾರ್ ಎಳ್ದಿದ್ದು ಇದ್ನ?" ಎಂದು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವುದರೊಳಗೆ ಆಪಾ, "ನಾನೇ. ನನ್ ಕೈ ತಪ್ಪದೆ. ಎಲ್ಲೆಲ್ಲಿಗ್ ಓಗದೆ ಯೋಳು" ಎಂದರು. ನಾನು ಬಾಯಿ ತೆರೆಯುತ್ತಿದ್ದೆ ಎಂದು ಈಗ ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ತೆರೆಯುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ.

ಇಪ್ಪತ್ತನಾಲ್ಕರಲ್ಲಿ ಒಂದು ನಮ್ಮ ಗೋಡೆಯ ಮೇಲಿತ್ತು. ಎಂಟು ಶೆಡ್ಡಿನಲ್ಲೇ ಸಿಕ್ಕವು. ಉಳಿದ ಹದಿನೈದು ಬೋರ್ಡಿಗೆ ಕೂತು ಹೊರಟುಹೋಗಿದ್ದವು. ಯಾರು ಯಾರು ತೆಗೆದುಕೊಂಡು ಹೋದರೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಮಂಡ್ಯದ ಎರಡು ಅಂಗಡಿ, ಐದಾರು ಎಲೆಕ್ಟ್ರಿಷಿಯನ್‌ಗಳು. ಅಲ್ಲಿಂದ ಮೂರು ದಿನ ನಾವು ಬಸ್ಸು ಇಳಿದು ಹತ್ತುವುದೇ ಆಯಿತು. ಎಲೆಕ್ಟ್ರಿಷಿಯನ್ ಹಿಡಿಯುವುದು, ಅವನಿಂದ ಊರು ತಿಳಿಯುವುದು, ಊರಿನಲ್ಲಿ ಜಮೀನು ಕೇಳುವುದು, ಬದುವಿನ ಮೇಲೆ ನಡೆಯುವುದು. ಬೋರ್ಡ್ ಸಿಕ್ಕಿದರೆ ಆಪಾ ಮೊದಲು ಫ್ಯೂಸ್ ಕೀಳುತ್ತಿದ್ದರು. ನಾನು ಥಿನ್ನರಿನಿಂದ ಎರಡೂ ಚುಕ್ಕೆ ಒರೆಸುತ್ತಿದ್ದೆ. ಅವರು ಎಕ್ಸ್‌ರೇ ತುಂಡನ್ನು ಇಟ್ಟು ಬೆರಳಿಗೆ ಬಟ್ಟೆ ಸುತ್ತಿ ಬಣ್ಣ ಒತ್ತುತ್ತಿದ್ದರು. ಒತ್ತಿ, ಒಣಗುವವರೆಗೆ ಪಕ್ಕದಲ್ಲೇ ಕೂರುತ್ತಿದ್ದರು.

ಎರಡನೇ ದಿನ ಹನಕೆರೆ. ರೈಲ್ವೆ ಸ್ಟೇಷನ್ನಿನಿಂದ ಎರಡು ಮೈಲಿ ಒಳಗೆ, ಹಿಂದಿನ ದಿನವಷ್ಟೇ ಬೋರ್ಡ್ ಹಾಕಿಸಿದ ಒಬ್ಬ ಮುದುಕಪ್ಪನ ಜಮೀನು. ಬೋರ್ಡ್ ಹಾಕಿದ ಹೊತ್ತಿನಿಂದ ಆ ಕಡೆ ಕರೆಂಟು ಬಂದಿರಲಿಲ್ಲವಂತೆ, ದಾರಿಯಲ್ಲಿ ಸಿಕ್ಕಿದ ಹೆಂಗಸು ಹೇಳಿದಳು. ಆಪಾ ನಡಿಗೆ ಜೋರು ಮಾಡಿದರು. ಕಬ್ಬಿನ ಸಾಲು ದಾಟಿದಾಗ ಮುದುಕಪ್ಪ ಕಾಣಿಸಿದರು. ಮೋಟಾರಿನ ಹಿಂಬದಿಯ ಮುಚ್ಚಳ ಬಿಚ್ಚಿ, ಕುಕ್ಕರಗಾಲಿನಲ್ಲಿ ಕೂತು, ಫ್ಯಾನಿನ ರೆಕ್ಕೆಗಳ ನಡುವೆ ಕೈ ಹಾಕಿ ಇಲಿ ಕಟ್ಟಿದ ಗೂಡನ್ನು ಕೀಳುತ್ತಿದ್ದರು.

"ಯಜಮಾನ್ರೇ, ಕೈ ತೆಗೀರಿ" ಎಂದು ಆಪಾ ಕೂಗಿದರು. ಅವರಿಗೆ ಕಿವಿ ಮಂದ. ತಿರುಗಲೂ ಇಲ್ಲ.

ಆಪಾ ಓಡಿದರು. ಐವತ್ತು ದಾಟಿದ ಹೆಂಗಸು, ಬುರ್ಖಾವನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಕೆಸರು ಬದುವಿನ ಮೇಲೆ. ಚಪ್ಪಲಿ ಒಂದು ಎಲ್ಲೋ ಬಿತ್ತು. ಅವರು ಮುದುಕಪ್ಪನ ಹತ್ತಿರ ಹೋಗಲಿಲ್ಲ, ನೇರ ಬೋರ್ಡಿನ ಹತ್ತಿರ ಹೋಗಿ ಮೂರು ಫ್ಯೂಸನ್ನೂ ಕಿತ್ತು ಎದೆಗೆ ಹಿಡಿದುಕೊಂಡರು. ನಾನು ಹಿಂದಿನಿಂದ ಬಂದು ಬೋರ್ಡ್ ನೋಡಿದೆ. ಹಿಡಿ ಕೆಂಪಿಗೆ ನಿಂತಿತ್ತು.

ಮುದುಕಪ್ಪ ಎದ್ದು ಬಂದು ಬಾಯಿಗೆ ಬಂದಂತೆ ಬಯ್ದರು. "ಯಾವಳೇ ನೀನು, ಫ್ಯೂಸ್ ಕದಿಯಕ್ ಬಂದಿದ್ದೀಯ?" ಆಪಾಗೆ ಉಸಿರು ಸಿಕ್ಕುತ್ತಿರಲಿಲ್ಲ. ಕೈಯಾಡಿಸಿ ಅವರಿಗೆ ಕೂರಲು ಸನ್ನೆ ಮಾಡಿದರು. ನಾನು ಚುಕ್ಕೆ ತೋರಿಸಿ, ಅಕ್ಷರ ಗಟ್ಟಿಯಾಗಿ ಓದಿ ಹೇಳಿದೆ. ಮುದುಕಪ್ಪ ನಂಬಲಿಲ್ಲ. ಹಾಗೆ ಮಾತು ನಡೆಯುತ್ತಿರುವಾಗಲೇ ಪಕ್ಕದ ಜಮೀನಿನ ಮೋಟಾರು ಗುಯ್ಯೆಂದು ಎದ್ದಿತು. ಕರೆಂಟು ಬಂದಿತ್ತು. ಆ ಕಡೆ ಪೈಪಿನಲ್ಲಿ ನೀರು ಬೀಳುವ ಸದ್ದು ಕೇಳಿತು. ಮುದುಕಪ್ಪನ ಮೋಟಾರು ಸುಮ್ಮನಿತ್ತು, ಅದರ ಫ್ಯೂಸುಗಳು ಆಪಾ ಅವರ ಕೈಯಲ್ಲಿದ್ದವು.

ಮುದುಕಪ್ಪ ತಮ್ಮ ಬಲಗೈಯನ್ನು ಮುಂದೆ ಹಿಡಿದು ನೋಡಿಕೊಂಡರು. ಬೆರಳುಗಳ ಸಂದಿಯಲ್ಲಿ ಇನ್ನೂ ಇಲಿ ಗೂಡಿನ ಹುಲ್ಲಿತ್ತು.

"ಯಾರ್ ಮಾಡುದ್ದು ಈ ಕೆಲ್ಸವ?" ಎಂದು ಕೇಳಿದರು. ಈಗ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

"ನಾನೇ ಯಜಮಾನ್ರೇ. ತಪ್ಪಾಯ್ತು" ಎಂದರು ಆಪಾ.

ಈ ಸಲ ನನಗೆ ಹೊತ್ತಿತ್ತು. ಆಪಾ ಉಸಿರು ಎಳೆದುಕೊಳ್ಳುವಷ್ಟು ಹೊತ್ತು ನನ್ನದೇ ಇತ್ತು. ಅವರು ಹೇಳಿದ ಮೇಲೂ, ಅಲ್ಲ ನಾನು ಎನ್ನಲು ಬೇಕಾದಷ್ಟು ಹೊತ್ತಿತ್ತು. ನಾನು ಚಿಂದಿಗೆ ಥಿನ್ನರ್ ಹಾಕಿ ಚುಕ್ಕೆ ಒರೆಸಲು ಶುರು ಮಾಡಿದೆ. ನಾಚಿಕೆಗೆಟ್ಟವಳು ನಾನು. ಬೇರೆ ಮಾತು ಸಿಕ್ಕುವುದಿಲ್ಲ.

ವಾಪಸ್ಸು ಬರುವಾಗ ಹನಕೆರೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತೆವು. ಯಾಕೆ ನಿಮ್ಮ ಹೆಸರು ಹೇಳಿದಿರಿ ಎಂದು ಕೇಳಿ ಅತ್ತುಬಿಟ್ಟೆ. ಆಪಾ ಒಂದೇ ಚಪ್ಪಲಿಯ ಕಾಲನ್ನು ಚಾಚಿಕೊಂಡು ಹಳಿಯ ಕಡೆ ನೋಡುತ್ತಿದ್ದರು.

"ನಿನ್ ಎಸ್ರು ಯೋಳಿದ್ರೆ ನಾಳಿಂದ ನಿನ್ ಕೈಗೆ ಯಾರೂ ಒಂದ್ ತಗ್ಡು ಕೊಡಾಕಿಲ್ಲ. ನಂದು ಇಪ್ಪತ್ತೈದು ವರ್ಸುದ್ ಎಸ್ರು, ಒಂದ್ ತಪ್ಪ ತಡ್ಕತದೆ." ಕೆಸರಾದ ಬರಿಗಾಲನ್ನು ಒರೆಸಿಕೊಂಡು ಇನ್ನೊಂದು ಮಾತು ಹೇಳಿದರು. "ಕೈ ತಪ್ಪಿದ್ದುಕ್ಕೆ ನಂಗೇನೂ ಇಲ್ಲ ಕಣಮ್ಮಿ. ಮಳೆ ಬಂತು, ಆಯ್ತು. ನಾನ್ ಕೇಳ್ದಾಗ ನೋಡ್ದೆ ಅಂದ್ಯಲ್ಲ, ಅದೊಂದು."

ಅದರ ಮೇಲೆ ಆ ವಿಷಯವನ್ನು ಅವರು ಎತ್ತಲಿಲ್ಲ.

ಹದಿನಾಲ್ಕು ತಗಡು ಸಿಕ್ಕಿದವು. ಹದಿನೈದನೆಯದು ಸಿಗಲಿಲ್ಲ. ಅದನ್ನು ಒಯ್ದ ಎಲೆಕ್ಟ್ರಿಷಿಯನ್ ಮಳವಳ್ಳಿ ಕಡೆ ಯಾರಿಗೋ ಹಾಕಿಕೊಟ್ಟು, ಕೆಲಸ ಬಿಟ್ಟು ಕೇರಳಕ್ಕೆ ಹೋಗಿದ್ದ. ಫೋನ್ ನಂಬರ್ ಬದಲಾಗಿತ್ತು. ಆವತ್ತಿನಿಂದ ಆಪಾ ಅವರ ಚೀಲದಲ್ಲಿ ಎಕ್ಸ್‌ರೇ ತುಂಡು, ಎರಡು ಬಣ್ಣದ ಡಬ್ಬಿ ಇದ್ದೇ ಇರುತ್ತಿದ್ದವು. ತಂಗಿಯ ಮನೆಗೆಂದು ಮಳವಳ್ಳಿ ಬಸ್ಸು ಹತ್ತಿದರೆ ನಡುವೆ ಯಾವುದಾದರೊಂದು ಊರಿನಲ್ಲಿ ಇಳಿದುಬಿಡುತ್ತಿದ್ದರು. ಟೀ ಅಂಗಡಿಯಲ್ಲಿ, ಸೊಸೈಟಿಯ ಮುಂದೆ, ಹೊಸ ಬೋರ್ಡ್ ಹಾಕಿಸಿದವರು ಯಾರಾದರೂ ಇದ್ದಾರಾ ಎಂದು ವಿಚಾರಿಸುತ್ತಿದ್ದರು. ನಾಲ್ಕು ವರ್ಷ ಹೀಗೆ ಹುಡುಕಿದರು. ಜನಕ್ಕೆ ತಮಾಷೆ. ಗಿರಣಿಯ ಗೌಡರು, "ಆಪಾ, ಕೆಂಪು ಸಿಕ್ತಾ?" ಎಂದು ಛೇಡಿಸುತ್ತಿದ್ದರು. ಶೆಡ್ಡಿನವರು ಕೆಲಸವನ್ನು ಮಂಡ್ಯಕ್ಕೆ ಕೊಟ್ಟರು. ಕಣ್ಣು ಮಂಜಾಗಿದೆ ಪಾಪ ಆಪಾಗೆ, ಎಂದು ಮಾತು ಹಬ್ಬಿತು. ಸೂಜಿಗೆ ದಾರ ಪೋಣಿಸುವ ಕಣ್ಣು ಅದು. ಆ ಮಾತು ಕೇಳಿದಾಗೆಲ್ಲ ಅವರು ಪರದೆ ಎತ್ತಿ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು, ನನ್ನ ಕಡೆ ಮಾತ್ರ ನೋಡುತ್ತಿರಲಿಲ್ಲ.

ಹೋದ ವರ್ಷ ಮಳೆಗಾಲದ ಕೊನೆಗೆ ಆಪಾ ಮಳವಳ್ಳಿಯಲ್ಲಿ, ತಂಗಿಯ ಮನೆಯಲ್ಲಿ ತೀರಿಕೊಂಡರು. ಎದೆನೋವು ಎಂದು ಮಲಗಿದವರು ಏಳಲಿಲ್ಲ. ನಾನು ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಬಿಳಿ ಬಟ್ಟೆ ಹೊದಿಸಿದ್ದರು. ಹೆಂಗಸರು ಜಾಗ ಬಿಟ್ಟರು. ಮಲಗಿಸಿದ್ದರಿಂದಲೋ ಏನೋ ಎರಡೂ ಭುಜ ಸಮವಾಗಿ ಕಂಡವು. ಅವರ ಚೀಲವನ್ನು ತಂಗಿ ನನ್ನ ಕೈಗೆ ಕೊಟ್ಟರು. ಎಕ್ಸ್‌ರೇ ತುಂಡು ಒಳಗಿತ್ತು. ಡಬ್ಬಿಯ ಬಣ್ಣ ಒಣಗಿ ಕಲ್ಲಾಗಿತ್ತು. ಅವತ್ತು ಅಲ್ಲಿ ಸೇರಿದವರಲ್ಲಿ ಒಬ್ಬರು, "ಬಾಳ ನೇಮದ ಎಂಗ್ಸು, ಜೀವ್‌ಮಾನ್‌ದಲ್ಲಿ ಒಂದೇ ಒಂದ್ಸಲ ತಪ್ಪುದ್ರು" ಎಂದರು. ನಾನು ಆಗಲೂ ಹೇಳಲಿಲ್ಲ.

ಅಂಗಡಿ ಈಗ ನನ್ನದು. ಆಪಾ ಅವರ ಹೆಣ್ಣುಮಕ್ಕಳು ನೀನೇ ನಡೆಸು ಎಂದರು. ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಐವತ್ತು ಐವತ್ತೈದರ ಒಬ್ಬ ಹೆಂಗಸು ಬಂದರು. ಮಳವಳ್ಳಿ ಕಡೆಯ ಹಳ್ಳಿಯವರು. ಎಡಗೈಯಲ್ಲಿ ಚೀಲ ಹಿಡಿದಿದ್ದರು, ಬಲಗೈ ಸೆರಗಿನೊಳಗಿತ್ತು. ಬೋರ್ಡ್ ಹಳೇದಾಗಿ ತುಕ್ಕು ಹಿಡಿದಿದೆ, ಮುಖದ ತಗಡು ಇಂಥದ್ದೇ ಒಂದು ಬೇಕು ಎಂದು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು.

ಕೆಂಪಿನ ಕೆಳಗೆ "ಚಾಲು".

ನಾನು ಅದನ್ನು ತಿರುಗಿಸಿದೆ. ಹಿಂಬದಿಯಲ್ಲಿ ತುಕ್ಕಿನ ನಡುವೆ ಆಪಾ ಇಟ್ಟ ಪೆನ್ಸಿಲ್ ಚುಕ್ಕೆ ಹಾಗೇ ಇತ್ತು.

"ಇದ್ರಂಗೇ ಬ್ಯಾಡ ಕಣಮ್ಮ, ಇದು ಉಲ್ಟಾ ಅದೆ" ಎಂದರು ಆಕೆ. "ನಮ್ ಯಜಮಾನ್ರಿಗೆ ಗೊತ್ತಿತ್ತು, ಅಭ್ಯಾಸ ಆಗೋಗಿತ್ತು. ನಂಗ್ಯಾರೂ ಯೋಳಿರ್ನಿಲ್ಲ, ಓದಾಕೂ ಬರಾಕಿಲ್ಲ. ಅವತ್ತು ಅವ್ರು ಊರಲ್ಲಿರ್ನಿಲ್ಲ, ಕೆಂಪ್ಗೆ ತಿರುಗ್ಸಿ ಮೋಟ್ರುಗೆ ಕೈ ಆಕ್ದೆ." ಸೆರಗಿನಿಂದ ಬಲಗೈ ಹೊರಗೆ ತೆಗೆದು ಮೇಜಿನ ಮೇಲಿಟ್ಟರು. ತೋರುಬೆರಳು, ನಡುಬೆರಳು ಎರಡೂ ಅರ್ಧಕ್ಕೇ ನಿಂತಿದ್ದವು. "ಬೋರ್ಡ್ ಆಕ್ಸಿದ್ ವಾರುಕ್ಕೇ ಆಗಿದ್ದು."

ವಾರಕ್ಕೇ. ಅಂದರೆ ನಾವು ಇನ್ನೂ ಚೀಟಿ ಹಿಡಿದು ಊರೂರು ಸುತ್ತುತ್ತಿದ್ದಾಗಲೇ. ಆಪಾ ನಾಲ್ಕು ವರ್ಷ ಹುಡುಕಿದ್ದು ಯಾವುದು ಆಗದಿರಲಿ ಎಂದೋ, ಅದು ಮೊದಲ ವಾರದಲ್ಲೇ ಆಗಿಹೋಗಿತ್ತು.

"ಇಲ್ಲೊಬ್ರು ಸಾಬ್ರ ಎಂಗ್ಸು ಮಾಡ್ತಿದ್ರಂತಲ್ಲ" ಎಂದರು ಆಕೆ. "ತೀರ್ಕಂಡ್ರಂತೆ. ಅವ್ರು ಮಾಡುದ್ದಾ ಇದು?"

ಹೌದು ಎಂದರೆ ಮುಗಿದುಹೋಗುತ್ತಿತ್ತು. ಆಪಾ ಅವರೇ ಎರಡು ಸಲ ಹೌದು ಎಂದಿದ್ದರು. ಊರಿಗೆಲ್ಲ ಅದೇ ಗೊತ್ತಿತ್ತು.

"ಅವ್ರಲ್ಲಕ್ಕ. ನಾನು" ಎಂದೆ.

ಆಮೇಲೆ ನಿಲ್ಲಿಸಲಾಗಲಿಲ್ಲ. ಮಳೆ, ಮೆಟ್ಟಿಲು, ಹಲಗೆ, ಫೋನಿನಲ್ಲಿ ಹೇಳಿದ ಸುಳ್ಳು, ಹನಕೆರೆಯ ಮುದುಕಪ್ಪ, ಆಪಾ ಇಳಿದು ಹುಡುಕಿದ ಊರುಗಳು, ಎಲ್ಲವನ್ನೂ ಹೇಳಿದೆ. ಆಕೆ ಊರಿನ ಹೆಸರು ಹೇಳಿದರು. ಆಪಾ ಒಮ್ಮೆ ಇಳಿದು ಹುಡುಕಿದ್ದ ಊರಿನ ಪಕ್ಕದ ಊರು ಅದು. ಗಿರಣಿಯ ಗೌಡರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಕೇಳಲಿ ಎಂದು ಇನ್ನೂ ಗಟ್ಟಿಯಾಗಿ ಹೇಳಿದೆ.

ಆಕೆ ಬಯ್ಯಲಿಲ್ಲ, ಅಳಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಸ್ಟೂಲ್ ಎಳೆದುಕೊಂಡು ಮೇಜಿನ ಎದುರಿಗೆ ಕೂತರು.

"ಒಸದು ಈಗ್ಲೇ ಮಾಡು. ನನ್ ಕಣ್ಣೆದ್ರಿಗೇ ಮಾಡು" ಎಂದರು.

ಹಳೇ ಕೆಲಸಗಳ ಹಾಳೆಗಳನ್ನೆಲ್ಲ ಆಪಾ ಎತ್ತಿಟ್ಟಿದ್ದರು. ಹುಡುಕಿ ತೆಗೆದು ಮೂರು ಪರದೆ ಮಾಡಿದೆ. ಹೊಸ ತಗಡು ಕತ್ತರಿಸಿ, ಒರೆಸಿ, ಹಿಂಬದಿಯ ಮೇಲ್ತುದಿಗೆ ಪೆನ್ಸಿಲ್ ಚುಕ್ಕೆ ಇಟ್ಟು ಆಕೆಗೆ ತೋರಿಸಿದೆ. ಇದು ತಲೆ ಅಕ್ಕ, ಪ್ರತಿ ಬಣ್ಣಕ್ಕೂ ಇದನ್ನು ನೋಡಬೇಕು ಎಂದೆ. ಕಪ್ಪು ಎಳೆದೆ. ಒಣಗುವವರೆಗೆ ಇಬ್ಬರೂ ಕಾದೆವು. ಕೆಂಪಿಗೆ ಮುಂಚೆ ತಗಡನ್ನು ತಿರುಗಿಸಿ ಚುಕ್ಕೆ ತೋರಿಸಿದೆ, ಆಕೆ ಬಗ್ಗಿ ನೋಡಿ ತಲೆಯಾಡಿಸಿದರು. ಎಳೆದೆ. ಮಳವಳ್ಳಿ ಬಸ್ಸು ಎರಡು ಹೋದವು. ಆಕೆ ಏಳಲಿಲ್ಲ. ಕೆಂಪು ಒಣಗಿದ ಮೇಲೆ ತಗಡನ್ನು ಕೈಗೆತ್ತಿಕೊಂಡು ಹಿಂಬದಿ ನೋಡಿದೆ. ಆಕೆ ಆ ಹೊತ್ತಿಗೆ ಬಾಗಿಲ ಕಡೆ ತಿರುಗಿದ್ದರು, ನಾನು ನೋಡಿದ್ದನ್ನು ಕಂಡಿರಲಿಲ್ಲ. ಹಸಿರು ಸುರಿದು ಸ್ಕ್ವೀಜಿಗೆ ಕೈ ಹಾಕಿದೆ.

"ತಲೆ ನೋಡ್ದ್ಯಾ?" ಎಂದರು ಆಕೆ.

ನೋಡಿದೆ ಎಂದೆ. ನೋಡಿದ್ದೆ.